ಸೈಕಲ್ಲಿಗೆ ಎಂಥ ದೀಪ ಬೇಕು?



ಕತ್ತಲಲ್ಲಿ ಸೈಕಲ್ ತುಳಿಯುವ ಹೆಂಗಸರು ನಮ್ಮ ಕಡೆ ಎಷ್ಟು ಜನ ಇದ್ದಾರೆ? ಲೆಕ್ಕ ಹಾಕಿ ನೋಡಿ. ಬೆಳಗಿನ ಜಾವ ಡೈರಿಗೆ ಹಾಲು ಹಾಕಲು ಹೋಗುವವರು ಇದ್ದಾರೆ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವವರು ಇದ್ದಾರೆ. ಹೆರಿಗೆ ನೋವು ಅಂತ ಕರೆ ಬಂದರೆ ಹೊತ್ತಲ್ಲದ ಹೊತ್ತಿನಲ್ಲಿ ಹೊರಡುವ ಆಶಾ ಕಾರ್ಯಕರ್ತೆಯರು ಇದ್ದಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಯಿತು. ಅಂದಿನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡು ಇಲ್ಲ. ಆದರೆ ಬಸ್ಸು ಎಲ್ಲ ಊರಿಗೂ ಒಳಗೆ ಬರೋದಿಲ್ಲ. ಕ್ರಾಸ್‌ನಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಎರಡು ಮೂರು ಕಿಲೋಮೀಟರು ನಮ್ಮ ಕಾಲೇ ಗತಿ, ಇಲ್ಲವೇ ಸೈಕಲ್ಲು.

ಸೈಕಲ್ಲು ಮನೆಯಲ್ಲಿ ಇರುತ್ತದೆ. 2006-07ರಲ್ಲಿ ಶುರುವಾಗಿ ಹಲವು ವರ್ಷ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಟ್ಟಿತು. ಮಗಳು ಓದು ಮುಗಿಸಿ ಬಿಟ್ಟ ಸೈಕಲ್ಲನ್ನು ಅವ್ವ ತುಳಿಯುತ್ತಾಳೆ. ಆ ಸೈಕಲ್ಲಿಗೆ ಬೆಲ್ ಇದೆ, ಬುಟ್ಟಿ ಇದೆ. ದೀಪ? ಅದೊಂದು ಇರೋದಿಲ್ಲ.

ದೀಪ ಇಲ್ಲದೆ ಏನು ಮಾಡುತ್ತೇವೆ? ಒಂದು ಕೈಯಲ್ಲಿ ಮೊಬೈಲ್ ಹಿಡಿದು ಅದರ ಟಾರ್ಚಿನ ಬೆಳಕಿನಲ್ಲಿ ಹೋಗುತ್ತೇವೆ. ಉಳಿದದ್ದು ಒಂದೇ ಕೈ. ಒಂದೇ ಕೈಯಲ್ಲಿ ಎರಡು ಬ್ರೇಕು ಹಿಡಿಯಲು ಆಗುತ್ತದೆಯೇ? ಮೊಬೈಲ್ ಬಿದ್ದರೆ ಮೊಬೈಲೂ ಹೋಯಿತು. ಕೆಲವರು ಟಾರ್ಚನ್ನು ಹಳೆಯ ಟ್ಯೂಬಿನ ರಬ್ಬರಿನಿಂದ ಹ್ಯಾಂಡಲಿಗೆ ಬಿಗಿದು ಕಟ್ಟುತ್ತಾರೆ. ಇದು ಕೆಟ್ಟ ಉಪಾಯವೇನಲ್ಲ. ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಆದರೆ ಈಗ ಅಂಗಡಿಯಲ್ಲಿ ಸೈಕಲ್ಲಿಗೆಂದೇ ಮಾಡಿದ ಜೋರು ಬೆಳಕಿನ ದೀಪಗಳು ಸಿಗುತ್ತವೆ. ಯಾವುದನ್ನು ಕೊಳ್ಳಬೇಕು? ಡಬ್ಬಿಯ ಮೇಲೆ ಬರೆದದ್ದರಲ್ಲಿ ಯಾವುದು ನಿಜ? ಅದನ್ನು ಈ ಪಾಠದಲ್ಲಿ ತಿಳಿಯೋಣ.

ಮುಂದೆ ಎಷ್ಟು ದೂರ ಕಾಣಬೇಕು?

ನಮ್ಮ ಮಂಡ್ಯ ಸೀಮೆಯ ದಾರಿ ನೆನೆಸಿಕೊಳ್ಳಿ. ಕಬ್ಬು ತುಂಬಿದ ಟ್ರ್ಯಾಕ್ಟರು ರಸ್ತೆ ಪಕ್ಕ ನಿಂತಿರುತ್ತದೆ. ಅದರ ಹಿಂದೆ ಕೆಂಪು ದೀಪ ಇರೋದು ಅಪರೂಪ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೇ ಹರಡಿರುತ್ತಾರೆ. ಅದರ ಸುತ್ತ ಕಲ್ಲು ಇಟ್ಟಿರುತ್ತಾರೆ. ಸಂಜೆ ರಾಗಿ ಎತ್ತಿಕೊಂಡು ಹೋಗುತ್ತಾರೆ, ಕಲ್ಲು ಅಲ್ಲೇ ಉಳಿಯುತ್ತದೆ. ಇನ್ನು ನಾಲೆ ಏರಿ. ಒಂದು ಕಡೆ ರಸ್ತೆ, ಇನ್ನೊಂದು ಕಡೆ ನೀರು, ನಡುವೆ ಎಷ್ಟೋ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅದು ನಡೆದದ್ದು ಹಾಡಹಗಲಲ್ಲಿ. ಅಂಥ ದಾರಿಯಲ್ಲಿ ಕತ್ತಲಲ್ಲಿ ಸೈಕಲ್ ತುಳಿಯುವವಳಿಗೆ ರಸ್ತೆಯ ಅಂಚು ಎಲ್ಲಿದೆ ಅಂತ ಕಾಣದಿದ್ದರೆ ಹೇಗೆ?

ಒಂದು ಸಣ್ಣ ಲೆಕ್ಕ ಮಾಡೋಣ. ಹದವಾಗಿ ತುಳಿದರೆ ಸೈಕಲ್ಲು ಗಂಟೆಗೆ 15 ಕಿಲೋಮೀಟರು ಹೋಗುತ್ತದೆ. ಅಂದರೆ ಒಂದು ಸೆಕೆಂಡಿಗೆ 4 ಮೀಟರಿಗಿಂತ ಸ್ವಲ್ಪ ಹೆಚ್ಚು. ಎರಡು ಮಾರಿಗಿಂತ ಜಾಸ್ತಿ ದೂರ. ಮುಂದೆ ಕಲ್ಲು ಕಂಡಿತು ಅನ್ನಿ. ‘ಅಯ್ಯೋ ಕಲ್ಲು’ ಅಂತ ಮನಸ್ಸಿಗೆ ತಿಳಿದು ಕೈ ಬ್ರೇಕು ಒತ್ತುವ ಹೊತ್ತಿಗೆ ಒಂದು, ಒಂದೂವರೆ ಸೆಕೆಂಡು ಆಗಿರುತ್ತದೆ. ಅಷ್ಟರಲ್ಲಿ 6 ಮೀಟರು ಮುಂದೆ ಹೋಗಿರುತ್ತೇವೆ. ಬ್ರೇಕು ಹಿಡಿದ ಮೇಲೂ ಸೈಕಲ್ಲು ತಕ್ಷಣ ನಿಲ್ಲುವುದಿಲ್ಲ. ಇನ್ನೂ 4-5 ಮೀಟರು ಓಡುತ್ತದೆ. ಕ್ಯಾರಿಯರಿನಲ್ಲಿ ಹಾಲಿನ ಕ್ಯಾನ್ ಇದ್ದರೆ, ಮಳೆಯಲ್ಲಿ ರಿಮ್ಮು ನೆನೆದಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ನಮ್ಮ ದೀಪ ಮುಂದಿನ 15 ಮೀಟರನ್ನಾದರೂ ಚೆನ್ನಾಗಿ ತೋರಿಸಬೇಕು. 15 ಮೀಟರು ಅಂದರೆ ಸುಮಾರು ಎಂಟು ಮಾರು. ಇಳಿಜಾರಿನಲ್ಲಿ ಜೋರಾಗಿ ಬಿಡುವವರಿಗೆ ಇದರ ಎರಡರಷ್ಟು ಕಾಣಬೇಕು.

ಬೆಳಕಿನ ಅಳತೆ

ಅಕ್ಕಿಗೆ ಸೇರು, ಕೆಜಿ ಇದೆ. ಹಾಲಿಗೆ ಲೀಟರು ಇದೆ. ಬೆಳಕಿಗೂ ಒಂದು ಅಳತೆ ಇದೆ. ಅದರ ಹೆಸರು ಲ್ಯೂಮೆನ್. ಡಬ್ಬಿಯ ಮೇಲೆ ಅಂಕಿ ಬರೆದು ಪಕ್ಕದಲ್ಲಿ ಎರಡು ಇಂಗ್ಲಿಷ್ ಅಕ್ಷರ ಹಾಕಿರುತ್ತಾರೆ. ಮೊದಲನೆಯದು ನೆಟ್ಟಗೆ ನಿಂತ ಕೋಲಿನ ಹಾಗೆ ಇರುತ್ತದೆ. ಎರಡನೆಯದಕ್ಕೆ ಮೂರು ಕಾಲು. ಆ ಎರಡು ಅಕ್ಷರ ಕಂಡರೆ ಅದೇ ಲ್ಯೂಮೆನ್. ಅಂಕಿಯಂತೂ ನಮಗೆ ಓದಲು ಬರುತ್ತದೆ. ಬಸ್ಸಿನ ನಂಬರು ಓದುವವರಿಗೆ ಇದು ಯಾವ ಲೆಕ್ಕ?

ಒಂದು ಮೇಣದ ಬತ್ತಿಯ ಬೆಳಕು ಸುಮಾರು 12 ಲ್ಯೂಮೆನ್. ಹಿಂದೆ ಮನೆಯಲ್ಲಿ ಉರಿಯುತ್ತಿದ್ದ 40 ವ್ಯಾಟಿನ ಗಾಜಿನ ಬಲ್ಬು ಸುಮಾರು 400 ಲ್ಯೂಮೆನ್. ಈಗಿನ 9 ವ್ಯಾಟಿನ ಎಲ್‌ಇಡಿ ಬಲ್ಬು ಸುಮಾರು 800ರಿಂದ 900. ವ್ಯಾಟ್ ಅಂದರೆ ದೀಪ ತಿನ್ನುವ ಕರೆಂಟು. ಲ್ಯೂಮೆನ್ ಅಂದರೆ ಅದು ಕೊಡುವ ಬೆಳಕು. ಮೇವು ಬೇರೆ, ಹಾಲು ಬೇರೆ. ಅಂಗಡಿಯವರು ವ್ಯಾಟ್ ಹೇಳಿದರೆ ಸುಮ್ಮನಾಗಬೇಡಿ, ಲ್ಯೂಮೆನ್ ಎಷ್ಟು ಅಂತ ಕೇಳಿ.

ನಮಗೆ ಎಷ್ಟು ಬೇಕು? ಬೀದಿದೀಪ ಇರುವ ಪೇಟೆಯಲ್ಲಿ 100 ಲ್ಯೂಮೆನ್ ಸಾಕು. ಅಲ್ಲಿ ದಾರಿ ಹೇಗೂ ಕಾಣುತ್ತದೆ, ಬೇರೆಯವರಿಗೆ ನಾವು ಕಂಡರೆ ಆಯಿತು. ಬೀದಿದೀಪ ಇಲ್ಲದ ಡಾಂಬರು ರಸ್ತೆಗೆ 200ರಿಂದ 400. ಗುಂಡಿ ಬಿದ್ದ ರಸ್ತೆ, ನಾಲೆ ಏರಿ, ತೋಟದ ದಾರಿ ಅಂದರೆ 400ರಿಂದ 600 ಇದ್ದರೆ ನೆಮ್ಮದಿ. 1000 ಲ್ಯೂಮೆನ್ ದೀಪವೂ ಸಿಗುತ್ತದೆ. ಅದು ಕಾಡು ಗುಡ್ಡದಲ್ಲಿ ವೇಗವಾಗಿ ಸೈಕಲ್ ಬಿಡುವವರಿಗೆ. ನಮಗೆ ಅಷ್ಟು ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಇನ್ನೊಂದು ಮಾತು. ಬೆಳಕು ದೂರ ಹೋದಷ್ಟೂ ತೆಳುವಾಗುತ್ತದೆ. ಎರಡರಷ್ಟು ದೂರಕ್ಕೆ ಹೋದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ದುಪ್ಪಟ್ಟು ಲ್ಯೂಮೆನ್‌ಗೆ ದುಡ್ಡು ಕೊಟ್ಟರೆ ದುಪ್ಪಟ್ಟು ದೂರ ಕಾಣುತ್ತದೆ ಅಂತ ತಿಳಿಯಬೇಡಿ.

ಬೆಳಕು ಎಷ್ಟು ಅನ್ನುವಷ್ಟೇ, ಅದು ಎಲ್ಲಿ ಬೀಳುತ್ತದೆ ಅನ್ನುವುದೂ ಮುಖ್ಯ. ಕೆಲವು ದೀಪಗಳ ಬೆಳಕು ನಡುವೆ ಒಂದು ಬಿಲ್ಲೆಯ ಹಾಗೆ ಬೀಳುತ್ತದೆ, ಸುತ್ತ ಕಗ್ಗತ್ತಲೆ. ಅದರಲ್ಲಿ ದೂರದ ಮರ ಕಾಣುತ್ತದೆ, ಕಾಲ ಕೆಳಗಿನ ಗುಂಡಿ ಕಾಣುವುದಿಲ್ಲ. ಕೆಲವು ದೀಪಗಳ ಬೆಳಕು ಚಾಪೆ ಹಾಸಿದ ಹಾಗೆ ಅಗಲವಾಗಿ ಹರಡುತ್ತದೆ, ರಸ್ತೆಯ ಎರಡೂ ಅಂಚು ಕಾಣುತ್ತದೆ. ಹಳ್ಳಿ ದಾರಿಗೆ ಎರಡನೆಯದೇ ಒಳ್ಳೆಯದು.

ಡಬ್ಬಿಯ ಸುಳ್ಳು

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಕ್ರಾಸ್‌ನಿಂದ ಅವರ ಊರಿಗೆ ಮೂರು ಕಿಲೋಮೀಟರು. ಅದರಲ್ಲಿ ಒಂದು ಕಿಲೋಮೀಟರು ನಾಲೆ ಏರಿ. ಕಾರ್ತೀಕ ಮಾಸ ಬಂದರೆ ಆರು ಗಂಟೆಗೇ ಕತ್ತಲು. ಮನೆಯಲ್ಲಿ ಅತ್ತೆಯವರು, “ಕತ್ಲಲ್ಲಿ ಬರೋ ಕೆಲ್ಸ ಯಾಕವ್ವ, ಬುಟ್ಬುಡು” ಅಂತ ದಿನಾ ಹೇಳುತ್ತಿದ್ದರು. ಅತ್ತೆಯವರದು ಕೇಡಿನ ಮಾತಲ್ಲ, ಹೆದರಿಕೆಯ ಮಾತು. ಆದರೆ ಆ ಸಂಬಳದಲ್ಲೇ ಮಗಳ ಕಾಲೇಜು ನಡೆಯಬೇಕು. ಅಕ್ಕ ಒಂದು ಒಳ್ಳೆಯ ದೀಪ ತರುವುದು ಅಂತ ತೀರ್ಮಾನ ಮಾಡಿದರು.

ಅಂಗಡಿಯಲ್ಲಿ, “ಜೋರಾಗಿ ಉರಿಯೋ ಲೈಟ್ ಕೊಡಪ್ಪ” ಅಂದರು. ಅವನು, “ತಕ್ಕೊಳಕ್ಕ, ಹತ್ತು ಸಾವಿರ ಲ್ಯೂಮೆನ್, ಎಂಟು ಗಂಟೆ ಉರೀತದೆ” ಅಂತ ಒಂದು ದೀಪ ಕೊಟ್ಟ. ಹಚ್ಚಿ ತೋರಿಸಿದಾಗ ಕಣ್ಣು ಕೋರೈಸಿತು. ಮೊದಲ ದಿನ ಸರಿ ಹೋಯಿತು. ಎರಡನೆಯ ದಿನ ಚಾರ್ಜ್ ಮಾಡದೆ ಹೊರಟರು, ಎಂಟು ಗಂಟೆ ಉರಿಯುತ್ತದಲ್ಲ ಅಂತ. ನಾಲೆ ಏರಿಯ ನಡುವೆ ದೀಪ ಮಂಕಾಗಿ, ಕೆಂಪಾಗಿ, ನಿಂತೇ ಹೋಯಿತು. ಅಷ್ಟು ಹೊತ್ತು ಜೋರು ಬೆಳಕು ನೋಡಿದ ಕಣ್ಣಿಗೆ ಆಮೇಲೆ ಏನೂ ಕಾಣಲಿಲ್ಲ. ನಮ್ಮ ಕಣ್ಣು ಕತ್ತಲೆಗೆ ಪೂರಾ ಒಗ್ಗಲು 20ರಿಂದ 30 ನಿಮಿಷ ಬೇಕು. ಅಕ್ಕ ಸೈಕಲ್ ಇಳಿದು, ನೀರಿನ ಸದ್ದು ಯಾವ ಕಡೆ ಅಂತ ಕಿವಿಗೊಟ್ಟು ಕೇಳುತ್ತಾ, ಆಚೆ ಬದಿ ಹಿಡಿದು ತಳ್ಳಿಕೊಂಡು ಮನೆ ಸೇರಿದರು.

ಮಾರನೆಯ ದಿನ ಡಬ್ಬಿಯನ್ನು ಕೇಂದ್ರಕ್ಕೆ ತಂದರು. ಎಲ್ಲರೂ ಸೇರಿ ಓದಿದೆವು. ಅದರೊಳಗೆ ಇದ್ದದ್ದು ಒಂದೇ ಒಂದು ಬ್ಯಾಟರಿ ಸೆಲ್ಲು. ಹೆಬ್ಬೆರಳಿನಷ್ಟು ದಪ್ಪ, ಆರೂವರೆ ಸೆಂಟಿಮೀಟರು ಉದ್ದ. ಇಂಥ ಸೆಲ್ಲಿಗೆ 18650 ಅನ್ನುತ್ತಾರೆ. 18 ಅಂದರೆ 18 ಮಿಲಿಮೀಟರು ದಪ್ಪ, 65 ಅಂದರೆ 65 ಮಿಲಿಮೀಟರು ಉದ್ದ. ಸೆಲ್ಲಿನ ಮೇಲೆ 9900 ಅಂತ ಬರೆದಿತ್ತು. ಅದು ಸೆಲ್ಲು ಎಷ್ಟು ಚಾರ್ಜು ಹಿಡಿಯುತ್ತದೆ ಅನ್ನುವ ಅಂಕಿ. ಪಕ್ಕದಲ್ಲಿ ‘ಎಂಎಎಚ್’ ಅಂತ ಇಂಗ್ಲಿಷಿನಲ್ಲಿ ಇರುತ್ತದೆ.

ಈಗ ನಿಮ್ಮ ಮೊಬೈಲ್ ನೆನೆಸಿಕೊಳ್ಳಿ. ಅಂಗೈ ಅಗಲದ ಮೊಬೈಲಿನ ಬ್ಯಾಟರಿ 5000 ಅಂತ ಹೇಳುತ್ತಾರಲ್ಲ? ಅಷ್ಟು ದೊಡ್ಡದರಲ್ಲಿ 5000 ಇದ್ದರೆ, ಹೆಬ್ಬೆರಳಿನಷ್ಟರಲ್ಲಿ 9900 ಹೇಗೆ ಬಂತು? ಬರುವುದಿಲ್ಲ. ಈ ಅಳತೆಯ ಒಳ್ಳೆಯ ಸೆಲ್ಲು ಹಿಡಿಯುವುದು 2500ರಿಂದ 3500. ಅದಕ್ಕಿಂತ ತುಂಬ ಹೆಚ್ಚು ಬರೆದಿದ್ದರೆ ಅದು ಸುಳ್ಳು. ಕಳಪೆ ಸೆಲ್ಲಿನಲ್ಲಿ 1000ವೂ ಇರುವುದಿಲ್ಲ.

ಲ್ಯೂಮೆನ್ನಿನ ಸುಳ್ಳನ್ನೂ ಹೀಗೇ ಹಿಡಿಯಬಹುದು. ಸೆಲ್ಲನ್ನು ಬಿಂದಿಗೆ ಅಂತ ತಿಳಿಯಿರಿ. 2500ರ ಸೆಲ್ಲಿನ ಬಿಂದಿಗೆಯಲ್ಲಿ 9 ಚೊಂಬು ನೀರಿದೆ. ಎಲ್‌ಇಡಿ ದೀಪ 100 ಲ್ಯೂಮೆನ್ ಬೆಳಕು ಕೊಡಲು ಗಂಟೆಗೆ ಸುಮಾರು ಒಂದು ಚೊಂಬು ಬೇಡುತ್ತದೆ. 300 ಲ್ಯೂಮೆನ್ ಇಟ್ಟರೆ ಗಂಟೆಗೆ 3 ಚೊಂಬು. ಅಂದರೆ ಮೂರು ಗಂಟೆ ಉರಿಯುತ್ತದೆ. 900 ಲ್ಯೂಮೆನ್ ಇಟ್ಟರೆ ಒಂದೇ ಗಂಟೆಗೆ ಬಿಂದಿಗೆ ಖಾಲಿ. ಹತ್ತು ಸಾವಿರ ಲ್ಯೂಮೆನ್ ಅಂದರೆ ಗಂಟೆಗೆ 100 ಚೊಂಬು ಬೇಕು! ಬಿಂದಿಗೆಯಲ್ಲಿ ಇರೋದೇ ಒಂಬತ್ತು. ಎಂಟು ಗಂಟೆ ಎಲ್ಲಿಂದ ಉರಿಯಬೇಕು? ಕೇಂದ್ರದಲ್ಲಿ ಈ ಲೆಕ್ಕ ಹಲಗೆಯ ಮೇಲೆ ಬರೆದಾಗ, ಅದೇ ಅಕ್ಕ ಜೋರಾಗಿ ನಕ್ಕುಬಿಟ್ಟರು. ನಕ್ಕು, ಆಮೇಲೆ ಸಿಟ್ಟು ಮಾಡಿಕೊಂಡರು.

ಸಿಟ್ಟಿನಿಂದ ಅಂಗಡಿಗೆ ಹೋದರು. ಆದರೆ ಬಿಲ್ ಇರಲಿಲ್ಲ. “ನಮ್ ಅಂಗ್ಡೀದೇ ಅಂತ ಏನಕ್ಕ ಗ್ಯಾರಂಟಿ?” ಅಂದುಬಿಟ್ಟ. ಆದ್ದರಿಂದ ದೀಪ ಎಷ್ಟೇ ಚಿಕ್ಕದಿರಲಿ, ಬಿಲ್ ಕೇಳಿ ತೆಗೆದುಕೊಳ್ಳಿ. ಬಿಲ್ಲಿನಲ್ಲಿ ಅಂಗಡಿಯ ಹೆಸರು, ತಾರೀಖು, ವಸ್ತುವಿನ ಹೆಸರು, ಕೊಟ್ಟ ಹಣ ಇರಬೇಕು. ಓದಿ ನೋಡಿಯೇ ಹಣ ಕೊಡಿ. ಡಬ್ಬಿಯ ಮೇಲೆ ತಯಾರಿಸಿದವರ ಅಥವಾ ಹೊರದೇಶದಿಂದ ತರಿಸಿದವರ ಹೆಸರು, ವಿಳಾಸ, ಗರಿಷ್ಠ ಬೆಲೆ ಇರಲೇಬೇಕು ಅಂತ ಕಾನೂನಿದೆ. ಹೆಸರು ವಿಳಾಸ ಇಲ್ಲದ ಡಬ್ಬಿಯ ದೀಪ ಬೇಡ. ಗರಿಷ್ಠ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಾಗಿಲ್ಲ. ಮೋಸವಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಅದರಂತೆ ಸುಳ್ಳು ಜಾಹೀರಾತು ಕೂಡ ತಪ್ಪು.

ಅಕ್ಕ ಎರಡನೆಯ ಸಲ 400 ಲ್ಯೂಮೆನ್ನಿನ ದೀಪ ತಂದರು. ಬಿಲ್ ಸಮೇತ. ಅದನ್ನು ನಡುವಿನ ಬೆಳಕಿಗೆ ಇಟ್ಟರೆ ವಾರದಲ್ಲಿ ಎರಡು ಸಲ ಚಾರ್ಜ್ ಮಾಡಿದರೆ ಸಾಕಾಗುತ್ತದೆ. ಕೆಲಸ ಬಿಟ್ಟಿಲ್ಲ. ಅತ್ತೆಯವರು ಈಗಲೂ ಜಗಲಿಯ ಮೇಲೆ ಕೂತು ಕಾಯುತ್ತಾರೆ. ತಿರುವಿನಲ್ಲಿ ಬೆಳಕು ಕಂಡರೆ ಎದ್ದು ಒಳಗೆ ಹೋಗುತ್ತಾರಂತೆ.

ಅಂಗಡಿಯಲ್ಲಿ ಏನೇನು ನೋಡಬೇಕು?

ಅಂಗಡಿಯವರ ಮುಂದೆ ಸಂಕೋಚ ಬೇಡ. ಸೀರೆ ಕೊಳ್ಳುವಾಗ ಹತ್ತು ಬಿಚ್ಚಿಸಿ ನೋಡುವುದಿಲ್ಲವೇ? ದೀಪವನ್ನೂ ಹಚ್ಚಿಸಿ ನೋಡಿ. ಹಗಲು ಬೆಳಕಿನಲ್ಲಿ ಎಲ್ಲ ದೀಪವೂ ಒಂದೇ. ಅಂಗಡಿಯ ಒಳಗೆ ಕತ್ತಲ ಮೂಲೆ ಇದ್ದರೆ ಅಲ್ಲಿ ಗೋಡೆಗೆ ಬಿಡಿ. ಬಿಲ್ಲೆಯೋ ಚಾಪೆಯೋ ತಿಳಿಯುತ್ತದೆ. ಗುಂಡಿ ಒತ್ತಿ ಒತ್ತಿ ನೋಡಿ. ಹೆಚ್ಚು, ನಡು, ಕಡಿಮೆ ಅಂತ ಮೂರು ಬಗೆಯ ಬೆಳಕು ಇರಬೇಕು. ಬ್ಯಾಟರಿ ಮುಗಿಯುತ್ತಾ ಬಂದಾಗ ಕೆಂಪು ಚುಕ್ಕೆ ಹತ್ತಿ ಎಚ್ಚರಿಸುವ ದೀಪ ಆರಿಸಿ. ನಾಲೆ ಏರಿಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಮಳೆಗೆ ತಡೆಯುತ್ತದೆಯೇ ಅಂತ ಕೇಳಿ. ಡಬ್ಬಿಯ ಮೇಲೆ ‘ಐಪಿಎಕ್ಸ್’ ಅಂತ ಇಂಗ್ಲಿಷ್ ಅಕ್ಷರ ಬರೆದು ಒಂದು ಅಂಕಿ ಹಾಕಿರುತ್ತಾರೆ. 4 ಇದ್ದರೆ ಯಾವ ಕಡೆಯಿಂದ ನೀರು ಎರಚಿದರೂ ತಡೆಯುತ್ತದೆ. 7 ಇದ್ದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ನಮಗೆ 4 ಸಾಕು. ಚಾರ್ಜಿನ ತೂತಿಗೆ ರಬ್ಬರಿನ ಮುಚ್ಚಳ ಇದೆಯೇ, ಬಿಗಿಯಾಗಿ ಕೂರುತ್ತದೆಯೇ ನೋಡಿ. ಮನೆಯ ಮೊಬೈಲ್ ಚಾರ್ಜರಿನ ವೈರೇ ಅದಕ್ಕೂ ಹಾಕಲು ಬಂದರೆ ಅನುಕೂಲ.

ಸೈಕಲ್ಲನ್ನು ಅಂಗಡಿಗೇ ತೆಗೆದುಕೊಂಡು ಹೋಗಿ. ದೀಪ ಹಿಡಿಯುವ ಕ್ಲಿಪ್ಪು ನಮ್ಮ ಹ್ಯಾಂಡಲಿಗೆ ಕೂರಬೇಕು. ಹಾಕಿಸಿ, ಸೈಕಲ್ಲನ್ನು ಎತ್ತಿ ಎರಡು ಸಲ ನೆಲಕ್ಕೆ ಕುಕ್ಕಿ. ದೀಪ ತಲೆ ಬಗ್ಗಿಸಿದರೆ ಆ ಕ್ಲಿಪ್ಪು ನಮ್ಮ ರಸ್ತೆಗೆ ಆಗುವುದಿಲ್ಲ. ಬೇಗ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಲೂ ಬರಬೇಕು. ಕ್ರಾಸ್‌ನಲ್ಲಿ ಸೈಕಲ್ ನಿಲ್ಲಿಸಿ ಬಸ್ಸು ಹತ್ತುವವರಿಗೆ ಇದು ಮುಖ್ಯ. ಸಂಜೆ ಬರುವಾಗ ಸೈಕಲ್ಲು ಇರುತ್ತದೆ, ದೀಪ ಇರುವುದಿಲ್ಲ.

ಹೆಂಗಸರ ಸೈಕಲ್ಲಿನ ಮುಂದೆ ಬುಟ್ಟಿ ಇರುತ್ತದೆ. ಹ್ಯಾಂಡಲಿಗೆ ದೀಪ ಹಾಕಿ, ಬುಟ್ಟಿಯಲ್ಲಿ ಊಟದ ಡಬ್ಬಿ ಚೀಲ ಇಟ್ಟರೆ ಬೆಳಕೆಲ್ಲ ಚೀಲಕ್ಕೇ ಬೀಳುತ್ತದೆ! ಬುಟ್ಟಿ ಇದ್ದರೆ ಅದರ ಮುಂಭಾಗಕ್ಕೆ ಅಥವಾ ಕೆಳಗೆ ಮುಂದಿನ ಚಕ್ರದ ಫೋರ್ಕಿಗೆ ದೀಪ ಕಟ್ಟಿಸಿ. ಕೆಳಗೆ ಇದ್ದರೆ ಇನ್ನೊಂದು ಲಾಭವೂ ಇದೆ. ಬೆಳಕು ತಗ್ಗಿನಿಂದ ಬಂದಾಗ ಪ್ರತಿ ಕಲ್ಲಿಗೂ ಗುಂಡಿಗೂ ಉದ್ದ ನೆರಳು ಬೀಳುತ್ತದೆ. ನೆರಳು ನೋಡಿಯೇ ಗುಂಡಿಯ ಆಳ ತಿಳಿಯುತ್ತದೆ. ರಾತ್ರಿ ಪಂಪ್‌ಸೆಟ್ ಹಾಕಲು ಹೋಗುವ ಗಂಡಸರು ತಲೆಗೆ ಕಟ್ಟುವ ಟಾರ್ಚು ಇಟ್ಟುಕೊಂಡಿರುತ್ತಾರಲ್ಲ? ಗದ್ದೆ ಬದುವಿನಲ್ಲಿ ನಡೆಯಲು ಅದು ಸರಿ. ಸೈಕಲ್ಲಿಗೆ ಸಾಲದು. ಕಣ್ಣಿನ ಹತ್ತಿರದಿಂದಲೇ ಬೆಳಕು ಹೋದರೆ ನೆರಳು ನಮಗೆ ಕಾಣುವುದಿಲ್ಲ. ಗುಂಡಿಯೂ ನೆಲವೂ ಒಂದೇ ಸಮ ಕಾಣುತ್ತದೆ.

ಡೈನಮೊ ಹಳೆಯದಾಯಿತೇ?

ನಮ್ಮ ಅಪ್ಪಂದಿರ ಸೈಕಲ್ಲಿನಲ್ಲಿ ಡೈನಮೊ ಇತ್ತು. ಚಿಕ್ಕ ಶೀಸೆಯ ಆಕಾರ. ಟೈರಿಗೆ ಒತ್ತಿದರೆ ಗುರ್ ಅಂತ ತಿರುಗಿ ಕರೆಂಟು ಹುಟ್ಟಿಸುತ್ತಿತ್ತು. 6 ವೋಲ್ಟು, 3 ವ್ಯಾಟು. ಚಾರ್ಜ್ ಬೇಡ, ಸೆಲ್ ಬೇಡ. ಆದರೆ ತುಳಿಯಲು ಸ್ವಲ್ಪ ಭಾರ, ಟೈರು ಸವೆಯುತ್ತದೆ, ನಿಂತರೆ ದೀಪವೂ ಆರುತ್ತದೆ. ಆಗಿನ ಬಲ್ಬಿಗೆ ಆ 3 ವ್ಯಾಟು ಏತಕ್ಕೂ ಸಾಲುತ್ತಿರಲಿಲ್ಲ. ಈಗಿನ ಎಲ್‌ಇಡಿ ದೀಪ ಅದೇ 3 ವ್ಯಾಟಿನಲ್ಲಿ ಎಷ್ಟೋ ಪಾಲು ಹೆಚ್ಚು ಬೆಳಕು ಕೊಡುತ್ತದೆ. ಕರೆಂಟು ಬಂದು ಹೋಗುವ ಊರಿನವರು, ಚಾರ್ಜ್ ಮಾಡುವುದನ್ನು ಮರೆಯುವವರು ಡೈನಮೊ ಸಿಕ್ಕರೆ ಬಿಡಬೇಡಿ. ಅದಕ್ಕೆ ಹೊಂದುವ ಎಲ್‌ಇಡಿ ದೀಪವನ್ನೇ ಹಾಕಿಸಿ.

ಇನ್ನೊಬ್ಬರ ಕಣ್ಣು

ಎದುರಿನಿಂದ ಬರುವ ಬೈಕಿನ ಬೆಳಕು ಕಣ್ಣಿಗೆ ಹೊಡೆದಾಗ ನಾವು ಶಾಪ ಹಾಕುತ್ತೇವೆ. ನಮ್ಮ ಜೋರು ದೀಪವೂ ಎದುರಿನವರಿಗೆ ಹಾಗೇ ಹೊಡೆಯುತ್ತದೆ. ಕಣ್ಣು ಕಾಣದ ಬೈಕಿನವನು ನಮ್ಮ ಮೇಲೇ ಬರಬಹುದು. ಆದ್ದರಿಂದ ದೀಪದ ಮುಖ ಕೆಳಗೆ ಬಾಗಿರಬೇಕು.

ಎಷ್ಟು ಬಾಗಿರಬೇಕು? ಸಂಜೆ ಸೈಕಲ್ಲನ್ನು ಗೋಡೆಯಿಂದ 5 ಮೀಟರು ದೂರ ನಿಲ್ಲಿಸಿ. ಏಳು ಹೆಜ್ಜೆ ಆಗಬಹುದು. ದೀಪ ನೆಲದಿಂದ ಎಷ್ಟು ಎತ್ತರ ಇದೆ ಅಂತ ದಾರ ಹಿಡಿದು ಅಳೆಯಿರಿ. ದಾರವನ್ನು ಅರ್ಧಕ್ಕೆ ಮಡಚಿ. ಅಷ್ಟು ಎತ್ತರಕ್ಕೆ ಗೋಡೆಯ ಮೇಲೆ ಸುಣ್ಣದ ಗುರುತು ಹಾಕಿ. ಬೆಳಕಿನ ನಡುಭಾಗ ಆ ಗುರುತಿನ ಮೇಲೆ ಬೀಳುವ ಹಾಗೆ ದೀಪ ಬಗ್ಗಿಸಿ ಬಿಗಿಯಿರಿ. ಹೀಗೆ ಮಾಡಿದರೆ ಬೆಳಕಿನ ನಡುಭಾಗ 10 ಮೀಟರು ಮುಂದೆ ನೆಲ ಮುಟ್ಟುತ್ತದೆ, ಅಂಚಿನ ಬೆಳಕು ಅದಕ್ಕೂ ಆಚೆ ಹೋಗುತ್ತದೆ. ಜರ್ಮನಿ ದೇಶದಲ್ಲಿ ಸೈಕಲ್ ದೀಪ ಎದುರಿನವರ ಕಣ್ಣಿಗೆ ಹೊಡೆಯಬಾರದು ಅಂತ ಕಾನೂನೇ ಇದೆ. ಅಲ್ಲಿನ ದೀಪಗಳ ಬೆಳಕನ್ನು ಮೇಲ್ಗಡೆ ಕತ್ತರಿಸಿದ ಹಾಗೆ ಮಾಡಿರುತ್ತಾರೆ. ನಮ್ಮಲ್ಲಿ ಅಂಥದು ಸಿಕ್ಕರೆ ಅದೇ ಒಳ್ಳೆಯದು.

ಎದುರಿನ ವಾಹನ ಕಣ್ಣು ಕೋರೈಸಿದರೆ ಅದರ ದೀಪ ನೋಡಬೇಡಿ. ರಸ್ತೆಯ ಎಡ ಅಂಚು ನೋಡುತ್ತಾ ನಿಧಾನ ಮಾಡಿ. ಮಾಗಿಯ ಮಂಜಿನಲ್ಲಿ ಡೈರಿಗೆ ಹೋಗುವವರು ದೀಪವನ್ನು ಕಡಿಮೆ ಬೆಳಕಿಗೆ ಇಡಿ. ಮಂಜಿಗೆ ಜೋರು ಬೆಳಕು ಬಿಟ್ಟರೆ ಮುಂದೆ ಬಿಳಿ ಗೋಡೆ ಕಟ್ಟಿದ ಹಾಗಾಗುತ್ತದೆ. ಮಿಣಮಿಣ ಮಿನುಗುವ ಬೆಳಕನ್ನು ಕತ್ತಲ ದಾರಿಯಲ್ಲಿ ಮುಂದೆ ಹಾಕಬೇಡಿ. ಅದರಲ್ಲಿ ದಾರಿ ಸರಿಯಾಗಿ ಕಾಣುವುದಿಲ್ಲ. ಎದುರಿನವರಿಗೂ ನಾವು ಎಷ್ಟು ದೂರ ಇದ್ದೇವೆ ಅಂತ ತಿಳಿಯುವುದಿಲ್ಲ.

ಮುಂದಿನ ದೀಪಕ್ಕೆ ಎಲ್ಲ ದುಡ್ಡೂ ಖರ್ಚು ಮಾಡಿ ಹಿಂದೆ ಏನೂ ಹಾಕದೆ ಹೋಗುವವರು ತುಂಬ ಜನ. ಇದು ನಮಗೆ ಸರಿ ಕಾಣುವುದಿಲ್ಲ. ಮುಂದಿನ ಗುಂಡಿ ನಮಗೆ ಕಂಡರೆ ಆಯಿತೇ? ಹಿಂದಿನಿಂದ ಬರುವ ಲಾರಿಗೆ ನಾವು ಕಾಣಬೇಡವೇ? ಹಿಂದೆ ಒಂದು ಚಿಕ್ಕ ಕೆಂಪು ದೀಪ ಬೇಕು. ಅದಕ್ಕೂ ದುಡ್ಡಿಲ್ಲದಿದ್ದರೆ ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರ್ ಹಾಕಿಸಿ. ಸೀರೆಯ ಸೆರಗು, ವೇಲು, ಕ್ಯಾರಿಯರಿನ ಚೀಲ ಅದನ್ನು ಮುಚ್ಚದ ಹಾಗೆ ನೋಡಿಕೊಳ್ಳಿ.

ಹೆಂಗಸರು ಮತ್ತು ಸೈಕಲ್ಲು ಅಂದಾಗ ಒಂದು ಸಂಗತಿ ಹೇಳಲೇಬೇಕು. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅದರ ಹೆಸರು ಅರಿವೊಳಿ ಇಯಕ್ಕಂ. ಅರಿವೊಳಿ ಅಂದರೆ ಅರಿವಿನ ಬೆಳಕು. ಆಗ ಅಲ್ಲಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅನ್ನುವ ಮಹಿಳೆ. ಅಲ್ಲಿ ಅಕ್ಷರದ ಜೊತೆಗೆ ಸೈಕಲ್ ತುಳಿಯುವುದನ್ನೂ ಕಲಿಸಿದರು. ಕೂಲಿ ಹೆಂಗಸರು, ಕಲ್ಲು ಒಡೆಯುವ ಹೆಂಗಸರು, ಅಂಗನವಾಡಿಯವರು ಸಾವಿರ ಸಾವಿರ ಸಂಖ್ಯೆಯಲ್ಲಿ ಕಲಿತರು. ಮೊದಮೊದಲು ಊರಿನವರು ಆಡಿಕೊಂಡರು. ಆಮೇಲೆ ನೋಡಿ ನೋಡಿ ಅಭ್ಯಾಸವಾಯಿತು.

ಬ್ಯಾಟರಿ ಜೋಪಾನ

ದೀಪದ ಲಿಥಿಯಂ ಬ್ಯಾಟರಿ ಬೆಂಕಿ ಹಿಡಿಯುವ ವಸ್ತು. ಹಾಸಿಗೆಯ ಮೇಲೆ, ದಿಂಬಿನ ಪಕ್ಕ ಇಟ್ಟು ಚಾರ್ಜ್ ಮಾಡಬೇಡಿ. ಕಡಪ ಕಲ್ಲಿನ ಮೇಲೋ ನೆಲದ ಮೇಲೋ ಇಡಿ. ಎಲ್ಲರೂ ಮಲಗಿದ ಮೇಲೆ ರಾತ್ರಿಯಿಡೀ ಬಿಡಬೇಡಿ. ಅಡಿಗೆ ಮಾಡುವ ಹೊತ್ತಿನಲ್ಲಿ ಹಾಕಿದರೆ ಕಣ್ಣೆದುರಿಗೇ ಇರುತ್ತದೆ, ಒಲೆಯಿಂದ ಮಾತ್ರ ದೂರ ಇಡಿ. ಬಿಸಿಲಿನಲ್ಲಿ ಬಿಡಬೇಡಿ. ಸೆಲ್ಲು ಉಬ್ಬಿದರೆ, ಮುಟ್ಟಲಾಗದಷ್ಟು ಬಿಸಿಯಾದರೆ, ವಾಸನೆ ಬಂದರೆ ಆ ಕ್ಷಣ ಬಿಚ್ಚಿ ಮನೆಯ ಹೊರಗೆ ಇಡಿ. ಮತ್ತೆ ಚಾರ್ಜಿಗೆ ಹಾಕಬೇಡಿ. ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ.

ಬೇಸಿಗೆಯಲ್ಲಿ ದೀಪದ ಕೆಲಸ ಕಡಿಮೆ. ಆಗ ಪೂರ್ತಿ ಖಾಲಿ ಮಾಡಿ ಮೂಲೆಗೆ ಹಾಕಿದರೆ ಸೆಲ್ಲು ಸಾಯುತ್ತದೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಚಾರ್ಜ್ ಮಾಡಿ ತಣ್ಣನೆಯ ಜಾಗದಲ್ಲಿ ಇಡಿ. ಎರಡು ತಿಂಗಳಿಗೊಮ್ಮೆ ತೆಗೆದು ನೋಡಿ. ಎರಡು ಮೂರು ವರ್ಷಕ್ಕೆ ಸೆಲ್ಲಿನ ಶಕ್ತಿ ಕುಗ್ಗುತ್ತದೆ. ಬಿಚ್ಚಿ ಹೊಸ ಸೆಲ್ಲು ಹಾಕಲು ಬರುವ ದೀಪವಾದರೆ ಆಗ ಸೆಲ್ಲಿಗೆ ಮಾತ್ರ ದುಡ್ಡು ಕೊಟ್ಟರೆ ಆಯಿತು. ಇಲ್ಲದಿದ್ದರೆ ಇಡೀ ದೀಪವೇ ಹೊಸದು ಬೇಕು. ಇದನ್ನು ಕೊಳ್ಳುವ ದಿನವೇ ಕೇಳಿಕೊಳ್ಳಿ. ಸತ್ತ ಸೆಲ್ಲನ್ನು ತಿಪ್ಪೆಗೆ, ಒಲೆಗೆ, ನಾಲೆಗೆ ಎಸೆಯಬೇಡಿ. ಬ್ಯಾಟರಿ ಮಾರುವ ಕಂಪನಿಗಳೇ ಹಳೆಯದನ್ನು ವಾಪಸ್ ತರಿಸಿಕೊಳ್ಳುವ ಹೊಣೆ ಹೊರಬೇಕು ಅಂತ 2022ರಲ್ಲಿ ನಿಯಮ ಬಂದಿದೆ. ಸೆಲ್ಲಿನ ಎರಡೂ ತುದಿಗೆ ಟೇಪು ಸುತ್ತಿ, ಹೊಸದು ತರಲು ಹೋಗುವಾಗ ಹಳೆಯದನ್ನು ಅಂಗಡಿಗೆ ತೆಗೆದುಕೊಂಡು ಹೋಗಿ ಕೊಡಿ.